ಪ್ರೋಗ್ರಾಮರ್‌ಗಳ ಸಮ್ಮೇಳನವೂ ನಮ್ಮ ಶೆಡ್ಡಿನ ಲೆಕ್ಕವೂ

ಮೈಸೂರು ರಸ್ತೆ, ಕಾಮಾಕ್ಷಿಪಾಳ್ಯ, ರಾಜಾಜಿನಗರಗಳ ಸಣ್ಣ ಕೈಗಾರಿಕಾ ಘಟಕಗಳಲ್ಲಿ ಸಾಮಾನ್ಯ ಲೆಕ್ಕಪತ್ರಕ್ಕೆ ಟ್ಯಾಲಿಯಂತಹ ಸಿದ್ಧ ತಂತ್ರಾಂಶವಿರುತ್ತದೆ. ಆದರೆ ಜಾಬ್ ವರ್ಕ್‌ಗೆ ಹೋದ ಮಾಲು, ಹಿಂದಿರುಗಿದ ಮಾಲು, ಡೆಲಿವರಿ ಚಲನ್, ತೂಕದ ವ್ಯತ್ಯಾಸ, ಸ್ಕ್ರ್ಯಾಪ್ ಇವುಗಳ ಲೆಕ್ಕವು ಪ್ರತಿಯೊಂದು ಘಟಕದಲ್ಲಿಯೂ ಒಂದೊಂದು ಬಗೆ. ಆದುದರಿಂದ ಹಲವು ಮಾಲೀಕರು ಪರಿಚಯದ ಪ್ರೋಗ್ರಾಮರ್ ಒಬ್ಬರಿಂದ ಇದಕ್ಕೆಂದೇ ತಂತ್ರಾಂಶ ಬರೆಸಿಕೊಂಡಿರುತ್ತಾರೆ. ಅಂತಹ ಪ್ರೋಗ್ರಾಮರ್ ತನ್ನ ವೃತ್ತಿಯ ಸಮ್ಮೇಳನಕ್ಕೆ ಹೋಗಿಬಂದರೆ ಮಾಲೀಕನಿಗೆ ದೊರೆಯುವುದೇನು ಎಂಬ ಪ್ರಶ್ನೆ ನಮ್ಮ ಉದ್ಯಮಿ ಬಾಂಧವರಿಗೆ ಇದುವರೆಗೆ ಅಷ್ಟಾಗಿ ಹೊಳೆದಿರಲಾರದು.

ದೀಪಾಂಜಲಿ ನಗರದ ನಿವಾಸಿಯಾದ ಪ್ರೋಗ್ರಾಮರ್ ಒಬ್ಬರು ಇಂತಹ ಏಳು ಘಟಕಗಳಿಗೆ ತಂತ್ರಾಂಶ ಬರೆದುಕೊಟ್ಟಿದ್ದಾರೆ. ಅವುಗಳಲ್ಲಿ ಎರಡರ ಲೆಕ್ಕಪರಿಶೋಧನೆ ನನ್ನದು. ಅವರು 2024ರ ಸೆಪ್ಟೆಂಬರ್‌ನಲ್ಲಿ ನಗರದ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ಜರುಗಿದ ಪೈಕಾನ್ ಇಂಡಿಯಾ ಸಮ್ಮೇಳನಕ್ಕೆ ಹೊರಟಾಗ, ಘಟಕದ ಮಾಲೀಕರೊಬ್ಬರು ‘ಅಲ್ಲಿ ಹೋಗಿ ಕೂತರೆ ಇಲ್ಲಿ ನಮ್ಮ ಚಲನ್ ಯಾರಪ್ಪಾ ನೋಡ್ತಾರೆ?’ ಎಂದು ನನ್ನೆದುರಿನಲ್ಲಿಯೇ ಕೇಳಿದ್ದರು. ಪ್ರಶ್ನೆ ಸಹಜವಾದುದೇ.

ಪೈಥಾನ್ ಎಂಬುದು ಡಚ್ ಪ್ರೋಗ್ರಾಮರ್ ಗೀಡೊ ವ್ಯಾನ್ ರೋಸಮ್ ಅವರು 1991ರಲ್ಲಿ ಹೊರತಂದ ಪ್ರೋಗ್ರಾಮಿಂಗ್ ಭಾಷೆ. ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ಅದನ್ನು ಬಳಸುವವರ ರಾಷ್ಟ್ರೀಯ ಸಮ್ಮೇಳನವಾದ ಪೈಕಾನ್ ಇಂಡಿಯಾ ಮೊದಲ ಬಾರಿಗೆ ನಡೆದದ್ದು 2009ರಲ್ಲಿ, ನಮ್ಮದೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದಕ್ಕೂ ಮುಂಚೆ, 2001ರಿಂದಲೇ, ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನವಿತ್ತು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂಬ ಹೆಸರು ತಳೆದು 2012ರವರೆಗೆ ನಡೆಯಿತು. ಅಂದರೆ ಬೆಂಗಳೂರಿಗೆ ಇಂತಹ ಸಮ್ಮೇಳನಗಳು ಹೊಸತಲ್ಲ. ನಮ್ಮ ಕೈಗಾರಿಕಾ ಪ್ರದೇಶಗಳಿಗೆ ಅವುಗಳ ಸುದ್ದಿ ಮುಟ್ಟಿಲ್ಲ, ಅಷ್ಟೇ.

ಮೆಟ್ರೋದಲ್ಲಿ ಮೆಜೆಸ್ಟಿಕ್‌ವರೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಲಾಲ್‌ಬಾಗ್‌ನಲ್ಲಿಳಿದು, ಆಟೋದಲ್ಲಿ ಸಭಾಂಗಣ ಸೇರಿದ ಅವರಿಗೆ ಮೊದಲು ಎದ್ದುಕಂಡದ್ದು ಸಭೆಯ ಗಾತ್ರವಲ್ಲ. ನಡೆಸುವವರೆಲ್ಲ ಸ್ವಯಂಸೇವಕರು ಎಂಬುದು. ನೋಂದಣಿಯ ಮೇಜಿನ ಬಳಿ ಕೊರಳಪಟ್ಟಿ ಹಂಚುತ್ತಿದ್ದವರು ದೊಡ್ಡ ಸಂಸ್ಥೆಯೊಂದರಲ್ಲಿ ಹಿರಿಯ ಇಂಜಿನಿಯರ್ ಎಂದು ಆಮೇಲೆ ತಿಳಿಯಿತಂತೆ. ವೇದಿಕೆಯ ಉಪನ್ಯಾಸಗಳಿಗಿಂತ ಹೊರಗಿನ ಪಡಸಾಲೆಯ ಮಾತುಕತೆಯೇ ಅವರಿಗೆ ಹೆಚ್ಚು ಒದಗಿತು. ಐದೇ ನಿಮಿಷದ ‘ಲೈಟ್ನಿಂಗ್ ಟಾಕ್’ ಎಂಬ ಪುಟ್ಟ ಭಾಷಣಗಳಲ್ಲಿ ವಿದ್ಯಾರ್ಥಿಗಳೂ ನಿಸ್ಸಂಕೋಚವಾಗಿ ಮಾತನಾಡಿದರು. ಉಪನ್ಯಾಸಗಳಲ್ಲಿ ಕೆಲವು ಅವರಿಗೆ ಅರ್ಥವಾಗಲಿಲ್ಲ, ಕೆಲವು ಸಂಸ್ಥೆಗಳ ಪ್ರಚಾರದಂತೆ ಕಂಡವು ಎಂದು ಅವರೇ ಹೇಳಿದ್ದರಿಂದ ಉಳಿದ ಮಾತನ್ನು ನಂಬಲು ನನಗೆ ಅಡ್ಡಿಯಾಗಲಿಲ್ಲ.

ಅವರು ಹೇಳಿದ್ದರಲ್ಲಿ ನನ್ನ ಕಿವಿ ನೆಟ್ಟಗಾದದ್ದು ಊಟದ ಸಾಲಿನ ಪ್ರಸಂಗಕ್ಕೆ. ಪಕ್ಕದಲ್ಲಿ ನಿಂತ ಅಪರಿಚಿತರೊಬ್ಬರು, ಬಿಲ್ಲಿನ ತಂತ್ರಾಂಶ ಬರೆಯುವವರೆಂದು ತಿಳಿದೊಡನೆ, ‘ಪೈಸೆಯನ್ನು ಹೇಗೆ ರೂಪಾಯಿಗೆ ತರುತ್ತೀರಿ?’ ಎಂದು ವಿಚಾರಿಸಿದರಂತೆ. ಪೈಥಾನ್‌ನ ಮೂರನೆಯ ಆವೃತ್ತಿಯಲ್ಲಿ ಸಂಖ್ಯೆಯನ್ನು ಪೂರ್ಣಾಂಕಕ್ಕೆ ತರುವ ‘ರೌಂಡ್’ ಎಂಬ ಸಿದ್ಧ ಆಜ್ಞೆಯು ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 1,012.50 ಎಂದು ಕೊಟ್ಟರೆ 1,012 ಬರುತ್ತದೆ, 1,013.50 ಕೊಟ್ಟರೆ 1,014 ಬರುತ್ತದೆ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ಒಳ್ಳೆಯ ಪದ್ಧತಿಯೇ. ಆದರೆ ಕೇಂದ್ರ ಜಿಎಸ್‌ಟಿ ಕಾಯಿದೆಯ 170ನೆಯ ಪ್ರಕರಣದ ಪ್ರಕಾರ ತೆರಿಗೆಯ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಅದನ್ನು ಒಂದು ರೂಪಾಯಿಗೆ ಏರಿಸತಕ್ಕದ್ದು, ಕಡಿಮೆಯಿದ್ದರೆ ಬಿಡತಕ್ಕದ್ದು. ಕಾನೂನಿನಂತೆ 1,012.50 ಎಂಬುದು 1,013 ಆಗಲೇಬೇಕು. ಇನ್ನೂ ಒಂದು ತೊಡಕುಂಟು: ಕಂಪ್ಯೂಟರ್ ದಶಾಂಶಗಳನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ, ಸಾಮಾನ್ಯ ರೀತಿಯಲ್ಲಿ ಬರೆದರೆ 0.1ಕ್ಕೆ 0.2 ಕೂಡಿಸಿದಾಗ 0.3 ಬರದೆ ಕೊನೆಯ ಸ್ಥಾನದಲ್ಲಿ ಒಂದು ಕೂದಲೆಳೆ ಹೆಚ್ಚು ಬರುತ್ತದೆ. ಹಣದ ಲೆಕ್ಕಕ್ಕೆಂದೇ ಅನುವಾದ ‘ಡೆಸಿಮಲ್’ ಎಂಬ ಬೇರೆ ವ್ಯವಸ್ಥೆ ಅದೇ ಭಾಷೆಯಲ್ಲಿದೆ. ಅರ್ಧವನ್ನು ಮೇಲಕ್ಕೇ ಏರಿಸು ಎಂದು ಅದಕ್ಕೆ ಆದೇಶಿಸಬಹುದು.

ನಮ್ಮ ಒಂದು ಘಟಕದ ಬಿಲ್ಲುಗಳಿಗೂ ಲೆಡ್ಜರಿಗೂ ಆಗಾಗ ಒಂದು ರೂಪಾಯಿ ವ್ಯತ್ಯಾಸ ಬರುತ್ತಿದ್ದುದರ ಮೂಲ ಇದೇ ಆಗಿತ್ತು. ಮೊತ್ತ ಅಲ್ಪ. ಆದರೆ ಆ ಒಂದು ರೂಪಾಯಿಯನ್ನು ಹುಡುಕಲು ಗುಮಾಸ್ತೆ ತಿಂಗಳ ಕೊನೆಯಲ್ಲಿ ಕಳೆಯುತ್ತಿದ್ದ ಸಂಜೆಗಳನ್ನು ಲೆಕ್ಕ ಹಾಕಿದವರಿಲ್ಲ.

ಅಪರಿಚಿತನೊಬ್ಬ ಊಟದ ಸಾಲಿನಲ್ಲಿ ಇಷ್ಟನ್ನು ಬಿಟ್ಟಿಯಾಗಿ ಹೇಳಿಕೊಡುವುದು ನಮ್ಮ ವ್ಯಾಪಾರಿ ಬುದ್ಧಿಗೆ ಒಗ್ಗುವುದು ಕಷ್ಟ. ತುಮಕೂರು ರಸ್ತೆಯಲ್ಲಿ ನಡೆಯುವ ಯಂತ್ರೋಪಕರಣಗಳ ಪ್ರದರ್ಶನದಲ್ಲಿ ಯಂತ್ರವನ್ನು ತೋರಿಸುತ್ತಾರೆ, ಡ್ರಾಯಿಂಗ್ ತೋರಿಸುವುದಿಲ್ಲ. ಇಲ್ಲಿಯಾದರೋ ಡ್ರಾಯಿಂಗನ್ನೇ ಬಿಚ್ಚಿಡುತ್ತಾರೆ. ಕಾರಣ ಕೇವಲ ಔದಾರ್ಯವಲ್ಲವೆಂದು ನನ್ನ ಅಭಿಪ್ರಾಯ. ಅವರು ಹಂಚಿಕೊಳ್ಳುವುದು ಬಹುಪಾಲು ಉಪಕರಣಗಳನ್ನು, ಉತ್ಪನ್ನವನ್ನಲ್ಲ. ಎಲ್ಲರಿಗೂ ಬೇಕಾದ ಉಪಕರಣವನ್ನು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ತಯಾರಿಸಿದರೆ ಎಲ್ಲರ ವೆಚ್ಚವೂ ಏರುತ್ತದೆ. ಕೂಡಿ ತಯಾರಿಸಿದರೆ ಇಳಿಯುತ್ತದೆ. ಸಮ್ಮೇಳನದ ಅಂಗವಾಗಿ ‘ಸ್ಪ್ರಿಂಟ್’ ಎಂಬ ಹೆಸರಿನಲ್ಲಿ ಒಟ್ಟಿಗೆ ಕುಳಿತು ಈ ಸಮಾನ ಉಪಕರಣಗಳ ದೋಷ ತಿದ್ದುವ ಏರ್ಪಾಡೂ ಇರುತ್ತದೆ.

ಆದರೆ ಏಳು ಘಟಕಗಳಿಗೆ ನೇರವಾಗಿ ತಟ್ಟುವ ಮಾತು ಪಡಸಾಲೆಯಲ್ಲಿಯೇ ಬಂದಿತು. ಪ್ರೋಗ್ರಾಮರ್‌ಗಳು ‘ಬಸ್ ಫ್ಯಾಕ್ಟರ್’ ಎಂಬ ಕ್ರೂರ ಮಾಪನವೊಂದನ್ನು ಬಳಸುತ್ತಾರೆ: ಎಷ್ಟು ಮಂದಿ ಬಸ್ಸಿಗೆ ಸಿಕ್ಕಿದರೆ ಒಂದು ತಂತ್ರಾಂಶದ ಕೆಲಸ ನಿಂತುಹೋಗುತ್ತದೆ? ಬಿಎಂಟಿಸಿ ಡಿಪೊ ಇರುವ ಬಡಾವಣೆಯ ನಿವಾಸಿಗೆ ಇದು ಬೇಗನೆ ಅರ್ಥವಾಗಿರಬೇಕು. ಅವರ ಏಳು ತಂತ್ರಾಂಶಗಳಿಗೂ ಉತ್ತರ ಒಂದೇ: ಒಬ್ಬರು.

ಅದೇ 2024ರ ಮಾರ್ಚ್ ಅಂತ್ಯದಲ್ಲಿ ಬಯಲಾದ ‘ಎಕ್ಸ್‌ಜೆಡ್’ ಪ್ರಕರಣ ಇದಕ್ಕೆ ಜಾಗತಿಕ ಉದಾಹರಣೆ. ಅಸಂಖ್ಯ ಸರ್ವರ್‌ಗಳಲ್ಲಿರುವ ಆ ಸಣ್ಣ ತಂತ್ರಾಂಶವನ್ನು ಬಹುಕಾಲ ನೋಡಿಕೊಂಡವರು ಒಬ್ಬರೇ ಸ್ವಯಂಸೇವಕರು. ಅವರು ದಣಿದಿದ್ದ ಸಮಯದಲ್ಲಿ ಸಹಾಯಕನಂತೆ ಬಂದು, ವರ್ಷಗಳ ಕಾಲ ವಿಶ್ವಾಸ ಗಳಿಸಿದ ವ್ಯಕ್ತಿಯೊಬ್ಬ ಅದರೊಳಗೆ ಕಳ್ಳದಾರಿಯೊಂದನ್ನು ಸೇರಿಸಿದ. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅನುಮಾನಿಸಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಶೋಧಿಸಿದ್ದರಿಂದ ಅನಾಹುತ ತಪ್ಪಿತು. ಮೂಲ ಬರಹ ತೆರೆದಿದ್ದುದರಿಂದಲೇ ಹೊರಗಿನವರೊಬ್ಬರು ಅದನ್ನು ಕಾಣಲು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು. ನಮ್ಮ ಶೆಡ್ಡಿನ ತಂತ್ರಾಂಶವನ್ನು ಇಣುಕಿ ನೋಡುವ ಎರಡನೆಯ ಕಣ್ಣೇ ಇಲ್ಲ.

ಇಲ್ಲಿ ಕಾನೂನಿನ ಒಂದು ಅಂಶವನ್ನು ವಾಚಕರ ಗಮನಕ್ಕೆ ತರಬಯಸುತ್ತೇನೆ. ‘ಹಣ ಕೊಟ್ಟು ಬರೆಸಿದ್ದು, ಆದ್ದರಿಂದ ನಮ್ಮದು’ ಎಂಬ ನಂಬಿಕೆ ವ್ಯಾಪಕವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. 17ನೆಯ ಪ್ರಕರಣದಂತೆ, ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಆದರೆ ಹೊರಗಿನ ಪ್ರೋಗ್ರಾಮರ್ ಗುತ್ತಿಗೆಯ ಮೇಲೆ ಬರೆದುಕೊಟ್ಟದ್ದರ ಮೊದಲ ಒಡೆಯ ಸಾಮಾನ್ಯವಾಗಿ ಆ ಪ್ರೋಗ್ರಾಮರ್ರೇ. ಹಕ್ಕು ವರ್ಗವಾಗಬೇಕಾದರೆ 19ನೆಯ ಪ್ರಕರಣದಂತೆ ಸಹಿ ಮಾಡಿದ ಲಿಖಿತ ಪತ್ರ ಬೇಕು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದು ಭಾವಿಸಲಾಗುತ್ತದೆ. ಏಳು ಘಟಕಗಳಲ್ಲಿ ನಾನು ಪತ್ರಗಳನ್ನು ನೋಡಿರುವ ಎರಡರಲ್ಲಿ ಇದ್ದದ್ದು ಕೊಟೇಷನ್ ಮತ್ತು ರಸೀದಿ ಮಾತ್ರ.

ಮಾಲೀಕರ ಇನ್ನೊಂದು ಭಯ ಬೇರೆ. ಸಮ್ಮೇಳನದಲ್ಲಿ ನೇಮಕಾತಿಗೆ ಬಂದ ಸಂಸ್ಥೆಗಳ ಮಳಿಗೆಗಳಿರುತ್ತವೆ. ಹುಡುಗ ಹೋದವನು ಹೋದಂತೆಯೇ ಆದರೆ? ಭಯ ಸುಳ್ಳಲ್ಲ. ಇವರಿಗೂ ಎರಡು ಕಡೆಯಿಂದ ವಿಚಾರಣೆ ಬಂದಿತ್ತು. ಆದರೆ ಮನೆಯಲ್ಲೇ ಕುಳಿತವರಿಗೂ ಕರೆ ಬರುವ ಕಾಲವಿದು. ಕಳುಹಿಸದೆ ಇಟ್ಟುಕೊಂಡ ಪ್ರೋಗ್ರಾಮರ್ ಹೊರಟಾಗ ಮಾಲೀಕನ ಕೈಯಲ್ಲಿ ಉಳಿಯುವುದು ಪಾಸ್‌ವರ್ಡ್ ಗೊತ್ತಿಲ್ಲದ ಒಂದು ಕಂಪ್ಯೂಟರ್.

ಹಿಂದಿರುಗಿದ ಮೇಲೆ ಅವರೇ ಮಾಲೀಕರಿಗೆ ಮುಂದಿಟ್ಟ ಸಲಹೆಯಂತೆ ಆ ಎರಡು ಘಟಕಗಳಲ್ಲಿ ಹೊಸ ಏರ್ಪಾಡಾಯಿತು. ಲೆಕ್ಕಪುಸ್ತಕಕ್ಕೆ ಸಂಬಂಧಿಸಿದ ಭಾಗದ ಹಕ್ಕು ಅವಧಿಯ ನಮೂದಿನೊಂದಿಗೆ ಘಟಕಕ್ಕೆ. ಎಲ್ಲ ಘಟಕಗಳಿಗೂ ಸಮಾನವಾದ ಉಪಕರಣಗಳ ಹಕ್ಕು ಅವರಲ್ಲಿಯೇ. ಎರಡರಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ದಾಖಲಾಗಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸಲಾಗದಂತಿರಬೇಕು ಎಂಬ ನಿಯಮವಿದ್ದು, ಲೆಕ್ಕಪರಿಶೋಧಕನು ಆ ಬಗ್ಗೆ ವರದಿ ಮಾಡಬೇಕಾಗಿರುವುದರಿಂದ ಅದನ್ನೂ ಒಪ್ಪಂದದಲ್ಲಿ ಬರೆಯಲಾಯಿತು. ಸಮ್ಮೇಳನದ ಶುಲ್ಕವನ್ನು ಮುಂದಿನ ಬಾರಿಯಿಂದ ಎರಡೂ ಘಟಕಗಳು ಹಂಚಿಕೊಳ್ಳುತ್ತವೆ.

ಮೂಲ ಬರಹದ ಪ್ರತಿಯನ್ನು ಬ್ಯಾಂಕ್ ಲಾಕರ್‌ನಲ್ಲಿಡುವುದೆಂದೂ, ಆರು ತಿಂಗಳಿಗೊಮ್ಮೆ ಕೆಂಗೇರಿಯ ಇನ್ನೊಬ್ಬ ಪ್ರೋಗ್ರಾಮರ್ ಅದನ್ನು ಬೇರೆ ಯಂತ್ರದಲ್ಲಿ ಅಳವಡಿಸಿ, ಒಂದು ದಿನದ ಚಲನ್‌ಗಳನ್ನು ನಮೂದಿಸಿ ನೋಡುವುದೆಂದೂ ಗೊತ್ತಾಯಿತು. ಮೊದಲ ಪ್ರಯೋಗಕ್ಕೆ ಅರ್ಧ ದಿನ ಹಿಡಿಯಿತು. ಚಲನ್ ಮುದ್ರಿಸುವ ಪ್ರಿಂಟರ್‌ನ ಹೊಂದಾಣಿಕೆ ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ಬರೆದವರ ತಲೆಯಲ್ಲಿ ಮಾತ್ರ ಇತ್ತು.