ಅಲ್ ರಯ್ಯಾನ್‌ನ ಬೇಸಿಗೆಯಲ್ಲಿ ಮೊಬೈಲಿಲ್ಲದ ಶುಕ್ರವಾರ

ಮೊಬೈಲ್, ಟ್ಯಾಬ್, ಟಿವಿ ಮೂರನ್ನೂ ಬದಿಗಿಟ್ಟು ಮಕ್ಕಳೊಂದಿಗೆ ಒಂದು ಹಗಲು ಕಳೆಯುವುದು ಎಲ್ಲ ಊರಲ್ಲೂ ಒಂದೇ ತೆರನಲ್ಲ. ಅಂಗಳ, ಗದ್ದೆಬದು, ನೆರೆಮನೆ ಇರುವ ಕಡೆ ಮಕ್ಕಳನ್ನು ಹೊರಗೆ ಕಳಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಕತಾರಿನ ಅಲ್ ರಯ್ಯಾನ್‌ನಲ್ಲಿ ಆ ದಾರಿ ವರ್ಷದ ಮೂರು ನಾಲ್ಕು ತಿಂಗಳು ಮುಚ್ಚಿರುತ್ತದೆ. ದೋಹಾದ ಪಶ್ಚಿಮಕ್ಕಿರುವ ಈ ನಗರದಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುವುದು ಮಾಮೂಲು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನೇ ಅಲ್ಲಿನ ಸರ್ಕಾರ ನಿಷೇಧಿಸಿದೆ. ದುಡಿಯುವವರಿಗೇ ಸಲ್ಲದ ಬಿಸಿಲಿಗೆ ಮಕ್ಕಳನ್ನು ಬಿಡುವುದುಂಟೇ? ಬಾಗಿಲು ಮುಚ್ಚಿ ಎಸಿ ಹಾಕಿದ ಮನೆಯಲ್ಲಿ ಮಗುವಿನ ಕೈಗೆ ಟ್ಯಾಬ್ ತಾನಾಗಿ ಬರುತ್ತದೆ.

ಎಷ್ಟು ಹೊತ್ತು ನೋಡಬಹುದೆಂಬುದಕ್ಕೆ ವೈದ್ಯರ ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ, ಎರಡು ವರ್ಷ ತುಂಬದ ಮಕ್ಕಳಿಗೆ ಸ್ಕ್ರೀನ್ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಚಟವೇ ಆಗಿಬಿಟ್ಟವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನೇ ತೆರೆಯಿತು. ಬೆಳಗಾವಿಗೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಇನ್ನೊಂದು ಉಪಾಯ ಹೂಡಿತು. ಸಂಜೆ 7ಕ್ಕೆ ಸೈರನ್ ಕೂಗಿದರೆ ಊರಿಗೆ ಊರೇ ಒಂದೂವರೆ ಗಂಟೆ ಟಿವಿ, ಮೊಬೈಲ್ ಆರಿಸಬೇಕು. ಅಲ್ಲಿ ದೊಡ್ಡವರಿಗೂ ವಿನಾಯಿತಿಯಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ. ಅಪ್ಪನ ಕೈಯಲ್ಲಿ ಫೋನಿದ್ದು ಮಗನದ್ದನ್ನು ಕಸಿದುಕೊಂಡರೆ ಅದು ಮಗನಿಗೆ ಶಿಕ್ಷೆಯಾಗಿಯೇ ಕಾಣುತ್ತದೆ.

ಅಲ್ ರಯ್ಯಾನ್‌ನಲ್ಲಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇಂಥ ಸ್ಕ್ರೀನಿಲ್ಲದ ಹೊತ್ತಿಗೆ ಒಪ್ಪುವ ದಿನ ಶುಕ್ರವಾರ. ಕತಾರಿನ ವಾರದ ರಜೆ ಶುಕ್ರವಾರ, ಶನಿವಾರ. ಖಾಸಗಿ ಕಂಪನಿಗಳ ಅನೇಕರಿಗೆ ಶನಿವಾರವೂ ಡ್ಯೂಟಿ ಇರುವುದರಿಂದ ಮನೆಮಂದಿಯೆಲ್ಲ ಒಟ್ಟಿಗೆ ಸಿಗುವುದು ಶುಕ್ರವಾರವೇ. ಬೆಳಗಿನ ತಿಂಡಿ ನಿಧಾನಕ್ಕೆ ಆಗುತ್ತದೆ, ನಡುಹಗಲು ಜುಮ್ಮಾ ನಮಾಜಿನ ಹೊತ್ತಿಗೆ ಅಂಗಡಿಗಳೂ ಬಾಗಿಲು ಹಾಕುತ್ತವೆ. ಕಷ್ಟವಿರುವುದು ಊಟದ ನಂತರದ ಮೂರು ನಾಲ್ಕು ಗಂಟೆ.

ಆ ಹೊತ್ತಿಗೆ ಮದ್ದು ಕರಾವಳಿಯ ಹಳೆಯ ಮನೆಗಳಲ್ಲೇ ಇದೆ. ಕೊಲ್ಲಿಯಲ್ಲಿ ಬಿಸಿಲು ಮಕ್ಕಳನ್ನು ಒಳಗೆ ಕೂರಿಸುವ ಜುಲೈ–ಆಗಸ್ಟ್‌ನಲ್ಲೇ ತುಳುನಾಡಿನಲ್ಲಿ ಮಳೆ ಕೂರಿಸುತ್ತದೆ. ಅದು ಆಟಿ ತಿಂಗಳು, ಚೆನ್ನೆಮಣೆ ಕೆಳಗಿಳಿಯುವ ಕಾಲ. ಕರ್ನಾಟಕದ ಉಳಿದ ಕಡೆ ಅದೇ ಅಳಗುಳಿಮಣೆ. ಏಳೇಳು ಗುಳಿಗಳ ಎರಡು ಸಾಲು, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯದನ್ನು ಎತ್ತಿ ಮುಂದಿನವುಗಳಲ್ಲಿ ಒಂದೊಂದಾಗಿ ಬಿತ್ತುತ್ತ ಹೋಗುವುದು. ಮಣೆಯನ್ನು ಊರಿಂದ ಹೊತ್ತು ತರಬೇಕಿಲ್ಲ, 14 ಕಾಗದದ ಲೋಟ ಸಾಕು. ಕಾಯಿಗೆ ಖರ್ಜೂರದ ಬೀಜ. ಆ ತಿಂಗಳುಗಳಲ್ಲಿ ಕತಾರಿನದೇ ತಾಜಾ ಖರ್ಜೂರ ಮಾರುಕಟ್ಟೆಗೆ ಬರುತ್ತದೆ. ಆಟದಲ್ಲಿ ಜಗಳ ಬಂದರೆ ಗಾಬರಿಯಾಗಬೇಕಿಲ್ಲ, ಅದೂ ಹಳೆಯದೇ. ತುಳುವಿನ ಸಿರಿ ಕಥೆಯ ಅಕ್ಕತಂಗಿಯರಾದ ಅಬ್ಬಗ–ದಾರಗರ ನಡುವೆ ಚೆನ್ನೆಯಾಟದಲ್ಲೇ ಕಲಹ ಹುಟ್ಟಿ ಅದು ಸಾವಿನಲ್ಲಿ ಮುಗಿಯುತ್ತದೆ. ಒಡಹುಟ್ಟಿದವರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆ ಆ ಕಥೆಗೆ ಅಂಟಿಕೊಂಡಿದೆ. ಅದನ್ನು ನಂಬುವ ಮನೆಯಲ್ಲಿ ಒಂದೊಂದು ಮಗುವಿನ ಎದುರು ಅಪ್ಪನೋ ಅಮ್ಮನೋ ಕೂತರಾಯಿತು.

ಜನ ಹೆಚ್ಚಿದ್ದರೆ ಚೌಕಾಬಾರ. ಟೈಲ್ಸ್ ಮೇಲೆ ಸೀಮೆಸುಣ್ಣದಿಂದ 25 ಮನೆ ಬರೆದು, ಒಬ್ಬೊಬ್ಬರಿಗೆ ನಾಲ್ಕು ಕಾಯಿ ಹಂಚಿದರೆ ನಾಲ್ವರು ಆಡಬಹುದು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಎಲ್ಲವೂ ಬೋರಲಾದರೆ ಬಾರ ಅಂದರೆ ಎಂಟು. ಎರಡಕ್ಕೂ ಇನ್ನೊಂದು ಎಸೆತ ಉಂಟು. ಕವಡೆ ಇಲ್ಲದವರು ಹುಣಸೆಬೀಜದ ಒಂದು ಮಗ್ಗುಲನ್ನು ನೆಲಕ್ಕೆ ಉಜ್ಜಿ ಬಿಳಿ ಮಾಡಿಕೊಳ್ಳುತ್ತಾರೆ. ಆ ಉಜ್ಜುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು, ಅದರಲ್ಲೇ ಒಂದಷ್ಟು ಹೊತ್ತು ಕಳೆಯುತ್ತದೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿದ್ದರೆ ಮಾತ್ರ ಬೀಜ, ಕವಡೆ ಯಾವುದೂ ಅದರ ಕೈಗೆಟುಕಬಾರದು.

ಆಟ ಸಾಕಾದ ಮೇಲೆ ‘ಬೋರ್ ಆಗ್ತಿದೆ’ ಎಂಬ ರಾಗ ಬಂದೇ ಬರುತ್ತದೆ. ತಕ್ಷಣ ಇನ್ನೊಂದು ಚಟುವಟಿಕೆ ಹುಡುಕಿಕೊಡುವುದು ತಂದೆತಾಯಿಯ ಸಾಮಾನ್ಯ ತಪ್ಪು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ದಿಂಬು ಗುಡ್ಡವಾಗುತ್ತದೆ, ಬೆಡ್‌ಶೀಟ್ ಡೇರೆಯಾಗುತ್ತದೆ. ಬೆಳೆದ ಮಕ್ಕಳಿಗೆ ಪುಸ್ತಕ ಬೇಕಾಗುತ್ತದೆ. ಅಲ್ ರಯ್ಯಾನ್‌ನ ಎಜುಕೇಶನ್ ಸಿಟಿಯಲ್ಲೇ ಕತಾರ್ ನ್ಯಾಷನಲ್ ಲೈಬ್ರರಿ ಇದ್ದು, ಅದರೊಳಗೆ ಮಕ್ಕಳ ವಿಭಾಗವಿದೆ. ಕತಾರಿನಲ್ಲಿ ವಾಸಿಸುವವರಿಗೆ ಸದಸ್ಯತ್ವ ಉಚಿತ. ಮೆಟ್ರೋದ ಹಸಿರು ಮಾರ್ಗದಲ್ಲಿ ಲೈಬ್ರರಿಯ ಹೆಸರಿನದೇ ನಿಲ್ದಾಣವಿದೆ. ಶುಕ್ರವಾರಕ್ಕೆ ಬೇಕಾದ ಪುಸ್ತಕಗಳನ್ನು ಹಿಂದಿನ ದಿನಗಳಲ್ಲೇ ತಂದಿಟ್ಟುಕೊಳ್ಳುವುದು ಜಾಣತನ.

ಹೊತ್ತಿಳಿದ ಮೇಲೆ ಆಸ್ಪೈರ್ ಪಾರ್ಕಿನಂಥ ಕಡೆ ಓಡಾಡಿ ಬರಬಹುದು. ಚಳಿಗಾಲದಲ್ಲಾದರೆ ಇಡೀ ಹಗಲನ್ನೇ ಅಲ್ಲಿ ಕಳೆಯಬಹುದು, ಆಗ ಮೇಲೆ ಹೇಳಿದ ಪಾಡು ಹೆಚ್ಚೇನೂ ಇರುವುದಿಲ್ಲ.

ಉಳಿಯುವ ತೊಡಕು ಊರಿನ ವಿಡಿಯೊ ಕಾಲ್. ವಾರಕ್ಕೊಮ್ಮೆ ಮೊಮ್ಮಕ್ಕಳ ಮುಖ ನೋಡಲು ಕಾದಿರುವ ಅಜ್ಜ-ಅಜ್ಜಿಗೆ ಈ ನಿಯಮ ಹೇರುವುದು ಅನ್ಯಾಯ. ಭಾರತದ ಗಡಿಯಾರ ಕತಾರಿಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ ರಯ್ಯಾನ್‌ನಲ್ಲಿ ಸಂಜೆ 6 ಆದಾಗ ಉಡುಪಿಯಲ್ಲಿ ಊಟದ ಹೊತ್ತು, ರಾತ್ರಿ 8.30. ಆ ಒಂದು ಕರೆಗೆ ರಿಯಾಯಿತಿ ಕೊಟ್ಟು, ಚೆನ್ನೆಯ ಮರೆತ ನಿಯಮಗಳನ್ನು ಅಜ್ಜಿಯಿಂದಲೇ ಕೇಳಿಸಬಹುದು. ಇಡೀ ದಿನ ಕಷ್ಟವೆನಿಸುವವರು ಮೊದಲ ಸಲ ಶುಕ್ರವಾರ ಊಟದಿಂದ ಸಂಜೆಯ ಚಹಾದವರೆಗೆ ಮಾತ್ರ ಮಾಡಿ ನೋಡಲಿ. ಆದರೆ ಅಷ್ಟು ಹೊತ್ತೂ ಅಪ್ಪ-ಅಮ್ಮನ ಫೋನ್ ಬೀರುವಿನೊಳಗಿರಲಿ.