ನೋಡಿದ್ದು ಕೈಗೆ ಇಳಿಯಬೇಕಾದರೆ

ಕಳೆದ ವರ್ಷ ಮುಂಗಾರಿಗೆ ಮುಂಚೆ ನಮ್ಮ ಸಂಘದ ಕಟ್ಟಡದಲ್ಲಿ ಬೋರ್ಡೋ ದ್ರಾವಣ ತಯಾರಿಸುವ ವಿಡಿಯೋ ಒಂದನ್ನು ಸದಸ್ಯರಿಗೆ ತೋರಿಸಿದೆವು. ದೊಡ್ಡ ಪರದೆ, ಸ್ಪಷ್ಟವಾದ ಧ್ವನಿ, ಇಪ್ಪತ್ತೈದು ನಿಮಿಷ. ಎಲ್ಲರೂ ತಲೆದೂಗಿ, ಕಾಫಿ ಕುಡಿದು ಮನೆಗೆ ಹೋದರು. ವಾರದ ಮೇಲೆ ತೋಟಗಳ ಕಡೆ ಹೋದಾಗ ಕಂಡದ್ದೇ ಬೇರೆ. ಒಬ್ಬರು ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಿದ್ದರು. ಇನ್ನೊಬ್ಬರು ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿದು, ಗಸಿ ಕೂತು, ಪಂಪಿನ ನೋಜಲ್ ಕಟ್ಟಿಕೊಂಡು ಕುಳಿತಿದ್ದರು. "ಎರಡನ್ನೂ ಸೇರಿಸಿದ್ದು ನೋಡಿದ್ದೆ ಸಾರ್, ಯಾವುದಕ್ಕೆ ಯಾವುದು ಅಂತ ನೆನಪಾಗಲಿಲ್ಲ" ಎಂದರು. ಮಳೆ ಹಿಡಿಯಿತು; ಆ ಸಿಂಪರಣೆ ತಪ್ಪಿಯೇ ಹೋಯಿತು. ತಪ್ಪು ಅವರದೆನ್ನಲು ನಮಗೆ ಬಾಯಿ ಬರಲಿಲ್ಲ.

ನೋಡಿದರೆ ಬಂದುಬಿಟ್ಟಿತು ಎನಿಸುವುದು ಮನುಷ್ಯನ ಸ್ವಭಾವ. ಅಮೆರಿಕದ ಕಾರ್ಡಸ್ ಮತ್ತು ಓಬ್ರಿಯನ್ ಎಂಬ ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಗುರಿಹಲಗೆಗೆ ಡಾರ್ಟ್ ಎಸೆಯುವ ವಿಡಿಯೋವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಲಾಯಿತು. ಹೆಚ್ಚು ನೋಡಿದವರಲ್ಲಿ ಧೈರ್ಯವೇನೋ ಹೆಚ್ಚಿತು, ಗುರಿ ಮಾತ್ರ ಸುಧಾರಿಸಲಿಲ್ಲ.

ಹಾಗಾದರೆ ವಿಡಿಯೋದಿಂದ ಪ್ರಯೋಜನವಿಲ್ಲವೇ? ಇದೆ ಎಂಬುದಕ್ಕೆ ಪುರಾವೆ ದೂರದ್ದಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು 'ಡಿಜಿಟಲ್ ಗ್ರೀನ್' ಎಂಬ ಯೋಜನೆ ಆರಂಭಿಸಿ, ಗ್ರೀನ್ ಫೌಂಡೇಶನ್ ಸಂಸ್ಥೆಯೊಡನೆ ಕರ್ನಾಟಕದ 16 ಹಳ್ಳಿಗಳಲ್ಲಿ 13 ತಿಂಗಳು ಪ್ರಯೋಗ ನಡೆಸಿದರು. ಕಾರ್ಯಕರ್ತರು ಬಂದು ಹೇಳಿಹೋಗುವ ಹಳೆಯ ಪದ್ಧತಿಗೆ ಹೋಲಿಸಿದರೆ, ಕೆಲವು ಕ್ರಮಗಳನ್ನು ರೈತರು ಅಳವಡಿಸಿಕೊಂಡದ್ದು ಏಳು ಪಟ್ಟು ಹೆಚ್ಚು. ಗುಟ್ಟು ಕ್ಯಾಮೆರಾದಲ್ಲಿ ಇರಲಿಲ್ಲ. ಪರದೆಯ ಮೇಲೆ ಇದ್ದವರು ಅದೇ ಸೀಮೆಯ ರೈತರು. ತೋರಿಸುತ್ತಿದ್ದವರು ಊರಿನವರೇ ಆದ ಒಬ್ಬರು. ಅವರು ನಡುನಡುವೆ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು, ಬೇಕಾದರೆ ಮತ್ತೆ ಹಾಕುತ್ತಿದ್ದರು. ನೋಡುವವರ ಮೊದಲ ಪ್ರಶ್ನೆ ಬಹುಪಾಲು "ಆತನ ಹೆಸರೇನು, ಯಾವ ಊರು?" ಎಂಬುದಾಗಿತ್ತಂತೆ. ನಾವೂ ಕೇಳುವುದು ಅದನ್ನೇ ಅಲ್ಲವೇ!

ಇದಕ್ಕೂ ಬಹಳ ಹಿಂದೆ, 1975-76ರಲ್ಲಿ, ಉಪಗ್ರಹದ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಇದ್ದವು. ಆಗ ಅದೊಂದು ಮಹಾ ಸಾಹಸ. ಆದರೆ ಆಕಾಶದಿಂದ ಬಂದ ಪಾಠವನ್ನು "ತಡಿ, ಇನ್ನೊಂದು ಸಲ ತೋರಿಸು" ಎಂದು ನಿಲ್ಲಿಸುವಂತಿರಲಿಲ್ಲ. ಇಂದು ಮೊಬೈಲಿನಲ್ಲಿ ನಿಲ್ಲಿಸಬಹುದು, ನಾವೇ ನಿಲ್ಲಿಸುವುದಿಲ್ಲ.

ಊರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅಡಿಕೆಯ ವಿಡಿಯೋಗಳಲ್ಲಿ ಹೆಚ್ಚಿನವು ಮಲೆನಾಡು, ಕರಾವಳಿಯವು. ಅಲ್ಲಿ ಮಳೆಗಾಲಕ್ಕೆ ಮೊದಲು ಬಸಿಗಾಲುವೆ ತೆಗೆಯುವುದೇ ದೊಡ್ಡ ಕೆಲಸ. ಕೊಳವೆಬಾವಿ ನಂಬಿರುವ ದೊಡ್ಡಬಳ್ಳಾಪುರ, ನೆಲಮಂಗಲದ ತೋಟದವನಿಗೆ ಬೇಕಾದದ್ದು ಬುಡಕ್ಕೆ ಮುಚ್ಚಿಗೆ, ಹನಿ ನೀರಾವರಿಯ ಲೆಕ್ಕ. ವಿಡಿಯೋ ಸುಳ್ಳು ಹೇಳುವುದಿಲ್ಲ, ಬೇರೆ ಊರಿನ ನಿಜ ಹೇಳುತ್ತದೆ. ಅನುಮಾನ ಬಂದರೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿಕೊಳ್ಳುವುದು ಮೇಲು.

ಉದ್ದದ ಮಾತೂ ಇದೆ. ಇಂಟರ್‌ನೆಟ್ ತರಗತಿಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದ ಪ್ರಕಾರ, ಚಿತ್ರ ಎಷ್ಟೇ ಉದ್ದವಿರಲಿ, ಜನ ಸಾಮಾನ್ಯವಾಗಿ ನೋಡುವುದು ಹೆಚ್ಚೆಂದರೆ ಆರು ನಿಮಿಷ. ಅವರು ಓದಲೆಂದೇ ಕೂತವರು. ಹಗಲೆಲ್ಲ ದುಡಿದು ಬಂದ ನಮ್ಮವರಿಗೆ ನಾವು ತೋರಿಸಿದ್ದು ಇಪ್ಪತ್ತೈದು.

ಆದ್ದರಿಂದ ಈ ಸಲ ನಮ್ಮ ಸದಸ್ಯರೊಬ್ಬರ ದ್ರಾಕ್ಷಿ ತೋಟದಲ್ಲೇ ಚಿತ್ರ ತೆಗೆದಿದ್ದೇವೆ. ಮಾಡುವವನ ಕಣ್ಣಿಗೆ ಕಾಣುವಂತೆಯೇ ಕಾಣಲೆಂದು ಕ್ಯಾಮೆರಾ ಅವರ ಹೆಗಲ ಹಿಂದಿನಿಂದ ಹಿಡಿದದ್ದು. ನಾಲ್ಕು ತುಂಡು, ಒಂದೊಂದೂ ಮೂರು ನಿಮಿಷದೊಳಗೆ: ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕುವುದು, ಕೊನೆಗೆ ಕುಡುಗೋಲಿನ ಪರೀಕ್ಷೆ. ಒಂದು ತುಂಡು ಮುಗಿದೊಡನೆ ಪರದೆ ಆರಿಸಿ, ಅಷ್ಟನ್ನು ಸದಸ್ಯರ ಕೈಯಲ್ಲೇ ಮಾಡಿಸುತ್ತೇವೆ. ತಪ್ಪಾದರೆ ಅಲ್ಲೇ ಆಗಲಿ, ಸುಣ್ಣ ಸಂಘದ್ದು.

ಪ್ಲಾಸ್ಟಿಕ್ ಡ್ರಮ್ಮುಗಳನ್ನೂ ನಾವೇ ಇಡುತ್ತೇವೆ. ಬರುವವರು ಉಜ್ಜಿ ಹೊಳಪು ಬಂದ ಕುಡುಗೋಲು ತರಬೇಕು. ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅಲಗು ಕೆಂಪೇರಿದರೆ ಸುಣ್ಣ ಸಾಲದು ಎಂದು ತಿಳಿದು, ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡುವುದು.