ದೋಣಿಯನ್ನಿಳಿಸುವ ಮುನ್ನ

ತುಂಬಿ ಹರಿಯುವ ಹೊಳೆಯನ್ನು ಕಂಡರೆ ಬಾಲಕರಿಗೆ ಹರ್ಷವುಂಟಾಗುವುದು, ವೃದ್ಧರಿಗೆ ಭಯವುಂಟಾಗುವುದು. ಇವೆರಡೂ ಅಲ್ಲದ ಮೂರನೆಯ ದೃಷ್ಟಿಯೊಂದುಂಟು. ಅದು ಪರೀಕ್ಷಕನ ದೃಷ್ಟಿ. ನೀರು ಎಲ್ಲಿ ಬಾಗುತ್ತಿದೆ, ಯಾವ ಬಂಡೆಯನ್ನು ಮುಚ್ಚಿಕೊಂಡಿದೆ, ಬಿದ್ದವನನ್ನು ಎಲ್ಲಿಗೆ ಒಯ್ಯುವುದು ಎಂದು ದಡದಲ್ಲಿ ನಿಂತು ವಿಚಾರಮಾಡುವವನು ಹರ್ಷದಿಂದ ಮೈಮರೆಯುವುದಿಲ್ಲ, ಭಯದಿಂದ ಕಂಗೆಡುವುದೂ ಇಲ್ಲ. ಈ ವಿದ್ಯೆಯನ್ನು ದೂರದೇಶದ ಒಂದು ಊರಿನವರು ವಿನೋದಕ್ಕಾಗಿಯೇ ಅಭ್ಯಾಸಮಾಡಿಕೊಂಡಿರುವರು. ಅವರಿಗೆ ಅದು ಪಂದ್ಯದ ಸಿದ್ಧತೆ. ನಮ್ಮ ಹೊಳೆಗಳ ದಡದಲ್ಲಿ ಅದೇ ವಿದ್ಯೆಯು ಪ್ರಾಣರಕ್ಷಣೆಯ ಉಪಾಯವಾಗಬಲ್ಲುದು. ಆದಕಾರಣ ಅದನ್ನು ವಾಚಕರ ಮುಂದಿಡುತ್ತೇವೆ.

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯದ ತುದಿಯಲ್ಲಿ ಮೇಯ್ನ್ ಎಂಬ ಸಂಸ್ಥಾನವಿದೆ. ಅಲ್ಲಿಯ ಬ್ಯಾಂಗೋರ್ ಪಟ್ಟಣದ ನಡುವೆ ಹರಿದು ಪೆನಾಬ್‌ಸ್ಕಾಟ್ ನದಿಯನ್ನು ಸೇರುವ ತೊರೆಗೆ ಕೆಂಡಸ್ಕೀಗ್ ಎಂದು ಹೆಸರು. ಇದು ಆ ಸೀಮೆಯ ಮೂಲನಿವಾಸಿಗಳಾದ ಪೆನಾಬ್‌ಸ್ಕಾಟ್ ಜನರ ನುಡಿಯಿಂದ ಬಂದುದು. ಹಾವುಮೀನನ್ನು ಹಿಡಿಯುವ ಸ್ಥಳವೆಂದು ಅದಕ್ಕೆ ಅರ್ಥ ಹೇಳುವರು. ಈ ತೊರೆಯಲ್ಲಿ 1967ನೆಯ ಇಸವಿಯಲ್ಲಿ ಒಂದು ದೋಣಿಯ ಪಂದ್ಯವು ಆರಂಭವಾಯಿತು. ಏಪ್ರಿಲ್ ತಿಂಗಳಲ್ಲಿ ನಡೆಯುವ ಈ ಪಂದ್ಯದ ದಾರಿ 16.5 ಮೈಲಿ, ಎಂದರೆ ಸುಮಾರು 26.5 ಕಿಲೋಮೀಟರು. ದೋಣಿಯಾದರೋ ಎರಡು ತುದಿಗಳೂ ಚೂಪಾಗಿರುವ, ಇಬ್ಬರು ಹೊತ್ತು ನಡೆಯಬಹುದಾದಷ್ಟು ಹಗುರವಾದ ‘ಕನೂ’ ಎಂಬುದು. ಪಳಗಿದ ಪಂದ್ಯಗಾರರೊಡನೆ ತಂದೆಮಕ್ಕಳೂ, ನೆರೆಹೊರೆಯವರೂ, ವಿನೋದವೇಷವನ್ನು ಧರಿಸಿದವರೂ ಇದರಲ್ಲಿ ಸೇರುವರು.

ಈ ದಾರಿಯ ರಚನೆಯಲ್ಲಿಯೇ ಒಂದು ಮೋಸವಿದೆ. ಮೊದಲ ಹತ್ತು ಮೈಲಿಗಳಲ್ಲಿ ನೀರು ಬಹುಮಟ್ಟಿಗೆ ಶಾಂತವಾಗಿರುವುದು. ಕಡೆಯ ಆರು ಮೈಲಿಗಳಲ್ಲಿ ಬಂಡೆಗಳ ನಡುವೆ ನೊರೆಗರೆದು ನುಗ್ಗುವ ಬಿರುಸೆಳವುಗಳು ಬರುವುವು. ತೋಳು ಸೋತು, ಬಟ್ಟೆ ನೆನೆದು, ಬೆರಳು ಮರಗಟ್ಟಿದಮೇಲೆ ಕಠಿನವಾದ ಭಾಗವು ಎದುರಾಗುವುದು. ಅದರ ಹೆಬ್ಬಾಗಿಲು ‘ಸಿಕ್ಸ್ ಮೈಲ್ ಫಾಲ್ಸ್’ ಎಂಬ ಸ್ಥಳ. ದೋಣಿಗಳು ಮಗುಚುವುದನ್ನು ನೋಡಲೆಂದೇ ಅಲ್ಲಿ ಜನರು ಕಿಕ್ಕಿರಿದು ನೆರೆಯುವರು. ಹೀಗೆ ತೊರೆಯುದ್ದಕ್ಕೂ ಕಾದು ನೋಡುವವರಿಗೆ ‘ನದಿಯ ರಣಹದ್ದುಗಳು’ ಎಂಬ ಬಿರುದೂ ಬಂದಿದೆ.

ಏಪ್ರಿಲ್ ತಿಂಗಳೆಂದರೆ ಅಲ್ಲಿ ಚಳಿಗಾಲದ ಹಿಮವು ಕರಗುವ ಕಾಲ. ಹಿಮವು ಬೇಗ ಕರಗಿ ಅದರ ಮೇಲೆ ಮಳೆಯೂ ಸುರಿದರೆ ತೊರೆಯು ಉಕ್ಕುವುದು. ಇಲ್ಲವಾದರೆ ದೋಣಿಯ ತಳವನ್ನು ಕಲ್ಲುಗಳು ಕೆರೆಯುವುವು. ಆದುದರಿಂದ ಕಳೆದ ವರ್ಷ ಕಂಡ ತೊರೆಯು ಈ ವರ್ಷಕ್ಕೆ ಸಾಕ್ಷಿಯಾಗದು. ನೀರಿನ ಮೊತ್ತವನ್ನು ನಮ್ಮ ಪತ್ರಿಕೆಗಳಲ್ಲಿ ಕಾಣುವಂತೆ ಅವರೂ ಕ್ಯೂಸೆಕ್ಸಿನಲ್ಲಿಯೇ ಎಣಿಸುವರು. ಒಂದು ಕ್ಯೂಸೆಕ್ಸೆಂದರೆ ಕ್ಷಣವೊಂದಕ್ಕೆ ಸುಮಾರು 28 ಲೀಟರು. 1000 ಕ್ಯೂಸೆಕ್ಸೆಂದರೆ ಪ್ರತಿಕ್ಷಣವೂ 28 ಟನ್ ನೀರು ಕಣ್ಣ ಮುಂದೆ ಹಾಯುವುದೆಂದರ್ಥ. ಅದರ ವೇಗವು ಎರಡರಷ್ಟಾದರೆ, ಅಡ್ಡಲಾಗಿ ಸಿಕ್ಕಿಕೊಂಡ ದೋಣಿಯ ಮೇಲೆ ಬೀಳುವ ಒತ್ತಡವು ಎರಡರಷ್ಟಲ್ಲ, ನಾಲ್ಕರಷ್ಟಾಗುವುದು. ಆ ದೇಶದ ಭೂಶೋಧನ ಇಲಾಖೆಯು 1889ರಲ್ಲಿ ನ್ಯೂ ಮೆಕ್ಸಿಕೋ ಸೀಮೆಯ ಎಂಬುಡೋ ಎಂಬಲ್ಲಿ ರಿಯೋ ಗ್ರಾಂಡೆ ನದಿಯ ನೀರನ್ನಳೆಯುವ ತನ್ನ ಮೊದಲ ಠಾಣ್ಯವನ್ನು ಸ್ಥಾಪಿಸಿತು. ಈಗ ಅಂತಹವು ಸಾವಿರಾರು ಇರುವುವು. ಆದರೆ ಅಳತೆಯ ಅಂಕೆಯು ನೀರೆಷ್ಟಿದೆಯೆಂಬುದನ್ನು ಹೇಳಬಲ್ಲುದೇ ಹೊರತು, ನಿನ್ನೆ ಬಿದ್ದ ಮರವು ಯಾವ ತಿರುವಿನಲ್ಲಿ ಅಡ್ಡವಾಗಿದೆಯೆಂಬುದನ್ನು ಹೇಳಲಾರದು. ಅದಕ್ಕೆ ಕಾಲು ಕಣ್ಣುಗಳೇ ಬೇಕು.

ಉಕ್ಕಿದ ನೀರು ಕಣ್ಣನ್ನು ವಂಚಿಸುವ ಬಗೆಯನ್ನು ಇಲ್ಲಿ ಹೇಳಬೇಕು. ನೀರು ಏರಿದಾಗ ಕೆಲವು ಬಂಡೆಗಳು ಆಳವಾಗಿ ಮುಳುಗಿ ದಾರಿಯು ನುಣುಪಾಗುವುದುಂಟು. ಇದನ್ನು ಕಂಡು ಹೊಸಬನು ತೊರೆಯು ಸುಲಭವಾಯಿತೆಂದು ಹಿಗ್ಗುವನು. ಆದರೆ ಅರೆಮುಳುಗಿದ ಬಂಡೆಯ ಹಿಂದೆ ನೀರು ಧುಮುಕಿ, ಹಿಮ್ಮುಖವಾಗಿ ಸುರುಳಿಸುತ್ತಿ, ತೇಲುವ ವಸ್ತುವನ್ನು ಅಲ್ಲಿಯೇ ಹಿಡಿದಿಡುವುದು. ಮೊದಲು ದೋಣಿಯನ್ನು ನಿಲ್ಲಿಸಿ ಉಸಿರು ತಿರುಗಿಸಿಕೊಳ್ಳಲು ಇದ್ದ ನಿಂತ ನೀರಿನ ತಾಣಗಳು ಕೊಚ್ಚಿಹೋಗುವುವು. ದಡದ ಪೊದೆಗಳೂ ಮರಗಳೂ ನೀರಿನೊಳಗಾಗುವುವು. ಕೊಂಬೆಗಳ ನಡುವೆ ನೀರು ಜರಡಿಯಲ್ಲಿ ಹಾಯ್ದಂತೆ ಹಾಯುವುದು. ಮನುಷ್ಯನು ಮಾತ್ರ ಜರಡಿಯ ಮೇಲಣ ನುಚ್ಚಿನಂತೆ ಅಲ್ಲಿಯೇ ಉಳಿಯುವನು. ಬಂಡೆಗಿಂತಲೂ ಮರವನ್ನು ಹೆಚ್ಚಾಗಿ ಅಂಜಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಇನ್ನು ಪರೀಕ್ಷೆಯ ಕ್ರಮ. ಬಲ್ಲವನು ಪಂದ್ಯಕ್ಕೆ ಮುನ್ನ ದೋಣಿಯಿಲ್ಲದೆ ದಡದ ಮೇಲೆ ನಡೆದು ಬಿರುಸೆಳವನ್ನು ನೋಡುವನು. ಮೊದಲು ಅದರ ಕೆಳತುದಿಗೆ ಹೋಗುವನು. ದೋಣಿ ಮಗುಚಿದರೆ ತಾನು ತೇಲುತ್ತ ಹೋಗಿ ಸೇರುವುದು ಶಾಂತವಾದ ಮಡುವನ್ನೋ, ಮತ್ತೊಂದು ಬಿರುಸೆಳವನ್ನೋ ಎಂಬುದು ಅವನ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ದೊರೆತಮೇಲೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತ ದಾರಿಯನ್ನು ಹಿಮ್ಮುಖವಾಗಿ ಓದುವನು.

ಓದಲು ನೀರೇ ಅಕ್ಷರಗಳನ್ನು ಬರೆದಿಟ್ಟಿದೆ. ನುಣುಪಾದ ನೀರು ಈಟಿಯ ಮೊನೆಯಂತೆ ಹೊಳೆ ಹರಿಯುವ ದಿಕ್ಕಿಗೆ ಚೂಪಾಗಿದ್ದರೆ ಅದು ಎರಡು ಬಂಡೆಗಳ ನಡುವಣ ತೆರಪು. ಅಲ್ಲಿ ದಾರಿಯಿರುವುದು ಸಂಭವ. ಮೊನೆಯು ಹೊಳೆಗೆ ಎದುರಾಗಿದ್ದರೆ ಆ ಮೊನೆಯಲ್ಲಿಯೇ ಬಂಡೆಯಿದೆಯೆಂದು ತಿಳಿಯತಕ್ಕದ್ದು. ಒಂದರ ಹಿಂದೊಂದು ಕ್ರಮವಾಗಿ ನಿಂತ ಅಲೆಗಳು ಆಳವನ್ನು ಸೂಚಿಸುವುವು. ಕ್ರಮಗೆಟ್ಟು ಸಿಡಿಯುವ ಅಲೆಯು ಕಲ್ಲನ್ನು ಸೂಚಿಸುವುದು. ಹೊಳೆಗೆ ಅಡ್ಡಲಾಗಿ ಗೆರೆ ಎಳೆದಂತೆ ನೀರು ಒಮ್ಮೆಗೇ ಕಣ್ಮರೆಯಾದರೆ ಮುಂದೆ ಧುಮುಕು ಇದೆ. ಸಂದೇಹವಿದ್ದಲ್ಲಿ ಮರದ ತುಂಡೊಂದನ್ನೆಸೆದು, ಅದು ಹೋಗುವ ಪರಿಯನ್ನು ನೋಡುವರು. ಕಡೆಯದಾಗಿ ನೀರಿನ ಮಟ್ಟಕ್ಕೆ ಕುಕ್ಕರಿಸಿ ಮತ್ತೊಮ್ಮೆ ನೋಡುವರು. ಏಕೆಂದರೆ ಎತ್ತರದ ದಡದಿಂದ ಚಿತ್ರಪಟದಂತೆ ಕಂಡ ದಾರಿಯು ದೋಣಿಯಲ್ಲಿ ಕುಳಿತವನಿಗೆ ಅಲೆಗಳ ಗೋಡೆಯಾಗಿ ಕಾಣುವುದು. ಅದಕ್ಕಾಗಿ ದಡದ ಮರವನ್ನೋ ಸೇತುವೆಯ ಕಂಬವನ್ನೋ ಗುರುತಾಗಿಟ್ಟುಕೊಳ್ಳಬೇಕು.

ನೈಸರ್ಗಿಕ ಬಂಡೆಗಿಂತಲೂ ಕುಟಿಲವಾದುದು ಮನುಷ್ಯನು ಕಟ್ಟಿದ ತಗ್ಗು ಕಟ್ಟೆ. ಅದರ ಮೇಲಿಂದ ನೀರು ಹಾಸಿದ ವಸ್ತ್ರದಂತೆ ಸಮವಾಗಿ ಇಳಿಯುವುದರಿಂದ ನೋಡುವವರಿಗೆ ರಮ್ಯವಾಗಿರುವುದು. ಬಿದ್ದ ನೀರು ತಳವನ್ನು ಮುಟ್ಟಿ, ಮೇಲೆದ್ದು, ಕಟ್ಟೆಯ ಕಡೆಗೇ ಹಿಂದಿರುಗುವುದು. ಬಂಡೆಯ ಸುರುಳಿಗೆ ಪಕ್ಕದಲ್ಲಿ ಬಾಗಿಲುಂಟು. ದಡದಿಂದ ದಡಕ್ಕೆ ಹಬ್ಬಿದ ಕಟ್ಟೆಯ ಸುರುಳಿಗೆ ಬಾಗಿಲಿಲ್ಲ. ಬಿದ್ದವನು ಮುಳುಗಿ, ತೇಲಿ, ಮತ್ತೆ ಕಟ್ಟೆಯ ಬುಡಕ್ಕೇ ಸೆಳೆಯಲ್ಪಡುವನು. ಅಮೇರಿಕದವರು ಇದನ್ನು ‘ಮುಳುಗಿಸುವ ಯಂತ್ರ’ವೆಂದು ಕರೆಯುವುದು ಅತಿಶಯೋಕ್ತಿಯಲ್ಲ.

ಬಿರುಸೆಳವುಗಳನ್ನು ಅವರು ಆರು ತರಗತಿಗಳಾಗಿ ವಿಂಗಡಿಸಿರುವರು. ಮೊದಲನೆಯದು ಮಕ್ಕಳ ಆಟ. ಆರನೆಯದು ಪ್ರಾಣದ ಪಣ. ಕೆಂಡಸ್ಕೀಗಿನವು ಎರಡು, ಮೂರನೆಯ ತರಗತಿಯವು. ಆದರೆ ನೀರಿನ ಶೈತ್ಯವು 50 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿದ್ದರೆ ಪ್ರತಿಯೊಂದನ್ನೂ ಒಂದು ತರಗತಿ ಮೇಲಿನದೆಂದೇ ಭಾವಿಸಬೇಕೆಂದು ನಿಯಮ. ಹಿಮಕರಗಿದ ನೀರಿಗೆ ಬಿದ್ದೊಡನೆ ಮನುಷ್ಯನು ತಡೆಯಲಾರದೆ ಉಸಿರನ್ನು ಒಳಗೆಳೆದುಕೊಳ್ಳುವನು. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಈಜುವ ಚಾತುರ್ಯವು ನಿಷ್ಫಲ. ಆದುದರಿಂದಲೇ ತೇಲುಕವಚವನ್ನು ಬಿಗಿಯಾಗಿ ಕಟ್ಟಿಕೊಳ್ಳುವುದು ಅವಶ್ಯಕ. ಬಿದ್ದವನು ಅಂಗಾತ ತೇಲುತ್ತ, ಪಾದಗಳನ್ನು ಹೊಳೆ ಹರಿಯುವ ದಿಕ್ಕಿಗೆ ಮೇಲೆತ್ತಿಕೊಂಡಿರಬೇಕು. ವೇಗದ ನೀರಿನಲ್ಲಿ ಎದ್ದು ನಿಲ್ಲಲು ಯತ್ನಿಸಿದರೆ ಪಾದವು ಕಲ್ಲಿನ ಸಂದಿಯಲ್ಲಿ ಸಿಕ್ಕಿ, ಸೊಂಟದಷ್ಟು ನೀರಿನಲ್ಲಿಯೇ ಪ್ರಾಣವು ಹೋಗಬಹುದು.

ಇಷ್ಟೆಲ್ಲ ಪರೀಕ್ಷೆಯ ಫಲವೇನು? ‘ಹೋಗಬಹುದು’ ಎಂಬ ಉತ್ತರವೊಂದೇ ಫಲವಾದರೆ ಅದು ಪರೀಕ್ಷೆಯೇ ಅಲ್ಲ. ದೋಣಿಯನ್ನು ಹೆಗಲಿಗೇರಿಸಿ ದಡದ ಮೇಲೆ ನಡೆದುಹೋಗುವುದೂ ಒಂದು ಉತ್ತರವೆಂದು ಒಪ್ಪಿದವನೇ ಪರೀಕ್ಷಕನು. ಸಿಕ್ಸ್ ಮೈಲ್ ಫಾಲ್ಸಿನಲ್ಲಿ ಹಾಗೆ ಹೊತ್ತು ನಡೆಯುವವರುಂಟು. ನೆರೆದವರು ನಕ್ಕರೂ ಅವರು ಒಣಬಟ್ಟೆಯಲ್ಲಿ ಮುಂದಕ್ಕೆ ಸಾಗುವರು. ಈ ಮರ್ಯಾದೆಯು ಆ ನಾಡಿನಲ್ಲಿ ಪುರಾತನವಾದುದು. 1857ರಲ್ಲಿ ಥೋರೋ ಎಂಬ ಗ್ರಂಥಕರ್ತನು ಮೇಯ್ನಿನ ಕಾಡುಗಳಲ್ಲಿ ಸಂಚರಿಸಿದಾಗ, ಪೆನಾಬ್‌ಸ್ಕಾಟ್ ಕುಲದ ಜೋ ಪೋಲಿಸ್ ಎಂಬವನು ದಾರಿತೋರುವವನಾಗಿದ್ದನು. ಕಷ್ಟವಾದ ಸೆಳವು ಬಂದಾಗ ದೋಣಿಯು ಹಗುರವಾಗಲೆಂದು ಪೋಲಿಸನು ಜೊತೆಗಾರರನ್ನು ದಡಕ್ಕಿಳಿಸಿ, ತಾನೊಬ್ಬನೇ ಅದನ್ನು ನಡೆಸುತ್ತಿದ್ದನು. ದಾಟಲಾಗದ ಎಡೆಯಲ್ಲಿ ಹೊತ್ತು ನಡೆಯುತ್ತಿದ್ದನು. ಅಂತಹ ನಾವಿಕನಿಗೆ ನಡೆಯುವುದು ಅವಮಾನವಾಗಿರಲಿಲ್ಲವೆಂಬುದನ್ನು ಗಮನಿಸಬೇಕು.

ನಮ್ಮ ನಾಡಿನ ಅಂಬಿಗರೂ ಈ ಶಾಸ್ತ್ರವನ್ನು ಅರಿಯದವರಲ್ಲ. ತುಂಗಭದ್ರೆಗೆ ಜಲಾಶಯದಿಂದ ನೀರು ಬಿಟ್ಟಾಗ ಹಂಪೆಯಲ್ಲಿ ಹರಿಗೋಲುಗಳು ದಡವನ್ನೇರಿ ಬೋರಲಾಗಿ ಮಲಗುವುವು. ತಿಳಿಯದಿರುವವರು ವಿಹಾರಾರ್ಥವಾಗಿ ಹೊಳೆಗೆ ಹೋಗುವ ನಾವು. ಶ್ರೀರಂಗಪಟ್ಟಣದ ಸಮೀಪದಲ್ಲಿರುವ ಬಲಮುರಿಯನ್ನು ಅನೇಕ ವಾಚಕರು ನೋಡಿರಬಹುದು. ಜಲಪಾತವೆಂದು ಜನರು ಕರೆಯುವ ಅದು ವಾಸ್ತವವಾಗಿ ಕಾವೇರಿಗೆ ಕಟ್ಟಿದ ತಗ್ಗು ಕಟ್ಟೆ. ಬುತ್ತಿಯ ಗಂಟನ್ನು ಬಿಚ್ಚಿಟ್ಟು, ಮಕ್ಕಳ ಕೈಹಿಡಿದು ನೀರಿಗಿಳಿಯುವ ತಾಯಿತಂದೆಗಳಿಗೆ, ಮೇಲಣ ಕನ್ನಂಬಾಡಿಯ ಜಲಾಶಯದಿಂದ ನೀರು ಹೆಚ್ಚಾಗಿ ಬಂದ ದಿನ ಅದೇ ಕಟ್ಟೆಯು ಬೇರೆಯೇ ಆಗಿರುವುದೆಂಬ ಅರಿವು ಇರುವುದಿಲ್ಲ. ಅಂತಹ ಸ್ಥಳಗಳಲ್ಲಿ ಪ್ರಾಣಹಾನಿಗಳಾಗಿರುವುದು ಎಲ್ಲರೂ ಬಲ್ಲ ಸಂಗತಿ.

ಗೃಹಸ್ಥರು ದೋಣಿಯ ಪಂದ್ಯಕ್ಕೆ ಹೋಗಬೇಕಾಗಿಲ್ಲ. ಆದರೆ ಪಂದ್ಯಗಾರನ ಪ್ರಶ್ನೆಗಳನ್ನು ಮನೆಯವರೆಲ್ಲ ಕಲಿತಿರಬಹುದು. ಇಂದು ನೀರೆಷ್ಟು ಬರುತ್ತಿದೆ? ಮೇಲಿನಿಂದ ಬಿಡುವ ಸೂಚನೆಯುಂಟೆ? ಕಾಲು ಜಾರಿದರೆ ಈ ನೀರು ಎಲ್ಲಿಗೆ ಒಯ್ಯುವುದು? ಎತ್ತಿಕೊಳ್ಳಲು ದಡದಲ್ಲಿ ಯಾರು, ಯಾವ ಹಗ್ಗದೊಡನೆ ನಿಂತಿರುವರು? ಈ ನಾಲ್ಕಕ್ಕೂ ಉತ್ತರ ಸಿಕ್ಕದಿದ್ದಲ್ಲಿ ದಡದ ಮರದ ನೆರಳಿನಲ್ಲಿ ಕುಳಿತು ಬುತ್ತಿಯನ್ನುಂಡು, ಹೊಳೆಯನ್ನು ಕಣ್ತುಂಬ ನೋಡಿ ಮನೆಗೆ ಬರಬೇಕು. ನೀರು ಇಳಿದ ದಿನ ಮತ್ತೆ ಹೋಗಬಹುದು.